ಸಾಲಕ್ಕೆ ಆದಾಯ ಬೇಕು, ಕ್ರಯಪತ್ರಕ್ಕೆ ಬೇಕಿಲ್ಲ: ಗೃಹಿಣಿಯರಿಗೊಂದು ಎಚ್ಚರಿಕೆ

ಮೈಸೂರಿನಲ್ಲಿ ಬ್ಯಾಂಕ್ ಸಾಲ ಮಾಡಿ ಮನೆ ಕೊಳ್ಳಲು ಹೊರಟಿರುವ ಕುಟುಂಬಗಳಲ್ಲಿ, ಸಂಬಳವಿಲ್ಲದೆ ಸಂಸಾರ ನಡೆಸುತ್ತಿರುವ ಹೆಣ್ಣುಮಕ್ಕಳು ಇದನ್ನು ನೋಂದಣಿಗೆ ಮೊದಲೇ ಓದಬೇಕೆಂಬುದು ನನ್ನ ಕೋರಿಕೆ. ದಟ್ಟಗಳ್ಳಿಯಲ್ಲಿ ನಾವು ಕೊಂಡ ಮನೆಯಲ್ಲಿ ದಶಕಕ್ಕೂ ಹೆಚ್ಚು ಕಾಲ ಬಾಳಿದ ಮೇಲೆ, ಒಂದು ಮಧ್ಯಾಹ್ನ ದಲ್ಲಾಳಿಯೊಬ್ಬರು ಗಿರಾಕಿಯನ್ನು ಕರೆತಂದು, ನಾನು ಒಗ್ಗರಣೆ ಹಾಕುತ್ತಿದ್ದ ಅಡುಗೆಮನೆಯ ಅಳತೆ ತೆಗೆಯತೊಡಗಿದಾಗಲೇ ಯಜಮಾನರು ಮನೆ ಮಾರಲು ಮಾತು ಕೊಟ್ಟಿರುವುದು ನನಗೆ ತಿಳಿದದ್ದು. ಕ್ರಯಪತ್ರದಲ್ಲಾಗಲಿ, ಸಾಲದ ಕಾಗದಗಳಲ್ಲಾಗಲಿ, ಕಂದಾಯದ ದಾಖಲೆಯಾದ ಮನೆಯ ಖಾತೆಯಲ್ಲಾಗಲಿ ನನ್ನ ಹೆಸರಿಲ್ಲ. ವರ್ಷವರ್ಷ ಕಂದಾಯ ಕಟ್ಟಿ ಬರುತ್ತಿದ್ದವಳು ನಾನೇ, ಆದರೆ ಆ ರಸೀದಿಗಳಿಂದ ಒಡೆತನ ಬರುವುದಿಲ್ಲ.

ಕೊಳ್ಳುವಾಗ ಮಗಳ ಹೆಸರನ್ನೂ ಸೇರಿಸಬೇಕೆಂದು ನನ್ನ ತಂದೆ ಕೇಳಿದ್ದರು. ಸಾಲ ಮಾಡಿಸಿಕೊಡುತ್ತಿದ್ದ ಏಜೆಂಟರು, "ಅಮ್ಮನವರಿಗೆ ಆದಾಯ ಇಲ್ಲವಲ್ಲ ಯಜಮಾನ್ರೇ, ಹೆಸರು ಸೇರಿಸಿದರೆ ಸಾಲ ಸಿಗೋದಿಲ್ಲ" ಎಂದರು. ಮಾತು ಅಲ್ಲಿಗೇ ನಿಂತಿತು. ಎಷ್ಟೋ ಮನೆಗಳಲ್ಲಿ ಇಂದಿಗೂ ಕೇಳಿಬರುವ ಈ ಮಾತು ನಿಜವಲ್ಲ. ಒಡೆತನ ಹುಟ್ಟುವುದು ಕ್ರಯಪತ್ರದಿಂದ, ಸಾಲದ ಒಪ್ಪಂದದಿಂದಲ್ಲ. ಆದಾಯವಿಲ್ಲದ ಹೆಂಡತಿ ಜಂಟಿ ಖರೀದಿದಾರಳಾದರೆ ಬ್ಯಾಂಕಿನವರು ಸಾಮಾನ್ಯವಾಗಿ ಕೇಳುವುದು ಅವಳೂ ಸಹಸಾಲಗಾರಳಾಗಿ ಸಹಿ ಹಾಕಲಿ ಎಂದು. ಎಷ್ಟು ಸಾಲ ಸಿಗುತ್ತದೆಂಬ ಲೆಕ್ಕ ಗಂಡನ ಸಂಬಳದ ಮೇಲೆಯೇ ನಡೆಯುತ್ತದೆ. ಸಹಿ ಹಾಕಿದ ಮೇಲೆ ಸಾಲದ ಹೊಣೆ ಅವಳಿಗೂ ಸೇರುತ್ತದೆ, ಅದನ್ನು ತಿಳಿದೇ ಹಾಕಬೇಕು. ಸಾಲಕ್ಕೆ ಮಾತ್ರ ಸಹಿ ಮಾಡಿಸಿಕೊಂಡು ಕ್ರಯಪತ್ರದಲ್ಲಿ ಹೆಸರು ಬಿಟ್ಟರೆ ಹೊಣೆಯುಂಟು, ಹಕ್ಕಿಲ್ಲ. ಅದು ನನ್ನ ಸ್ಥಿತಿಗಿಂತಲೂ ಕೆಟ್ಟದ್ದು.

ಮನೆಯ ಪೂರ್ತಿ ಬೆಲೆಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಉಳಿದ ಹಣಕ್ಕಾಗಿ ತವರಿನಿಂದ ಬಂದಿದ್ದ ಎರಡೆಳೆ ಸರವನ್ನೂ ಬಳೆಗಳನ್ನೂ ಅಶೋಕ ರಸ್ತೆಯ ಅಂಗಡಿಯೊಂದರಲ್ಲಿ ಮಾರಿದೆವು. ಮದ್ದೂರಿನ ಕಡೆ ಕಬ್ಬು ಬೆಳೆಯುವ ನನ್ನ ತಂದೆ, ಕಾರ್ಖಾನೆಯಿಂದ ಬಂದ ಬಿಲ್ಲಿನ ಹಣವನ್ನು ನಗದಾಗಿಯೇ ತಂದು ಅಳಿಯನ ಕೈಗಿತ್ತರು. ಚಿನ್ನ ಮಾರಿದ ಚೀಟಿ ಯಜಮಾನರ ಹೆಸರಿನಲ್ಲಿದೆ, ನಗದಿಗೆ ಚೀಟಿಯೇ ಇಲ್ಲ. ಸ್ತ್ರೀಧನ ಹೆಣ್ಣಿನ ಸ್ವಂತ ಸ್ವತ್ತು, ಗಂಡ ಕಷ್ಟಕಾಲದಲ್ಲಿ ಬಳಸಿಕೊಂಡರೂ ಹಿಂದಿರುಗಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರಲ್ಲೂ ಹೇಳಿದೆ. ಆದರೆ ಆ ಚಿನ್ನವೇ ಈ ಮನೆಗೆ ಸೇರಿತೆಂದು ತೋರಿಸಲು ಕಾಗದ ಬೇಕಲ್ಲ! ತವರಿನ ಹಣ ಬರುವುದಾದರೆ ಮಗಳ ಬ್ಯಾಂಕ್ ಖಾತೆಗೇ ಬರಲಿ, ಅಲ್ಲಿಂದ ಚೆಕ್ಕಿನಲ್ಲಿ ಮಾರುವವರಿಗೆ ಹೋಗಲಿ, ಆ ಚೆಕ್ಕಿನ ಸಂಖ್ಯೆ ಕ್ರಯಪತ್ರದಲ್ಲಿ ನಮೂದಾಗಲಿ.

ಮದುವೆಯಾದ ಮಾತ್ರಕ್ಕೆ ಗಂಡನ ಮನೆಯಲ್ಲಿ ಅರ್ಧ ಪಾಲು ಇದ್ದೇ ಇರುತ್ತದೆಂದು ನೆಂಟರೆಲ್ಲ ಧೈರ್ಯ ಹೇಳಿದರು. ಗಂಡ ಹೆಂಡಿರ ಸ್ವತ್ತನ್ನು ಜಂಟಿಯೆಂದು ಎಣಿಸುವ ಕಾನೂನು ಗೋವಾದಲ್ಲಿದೆ, ಕರ್ನಾಟಕದಲ್ಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಗಂಡನ ಸ್ವಯಾರ್ಜಿತದಲ್ಲಿ, ಅಂದರೆ ಆತ ತಾನೇ ದುಡಿದು ಗಳಿಸಿದ ಸ್ವತ್ತಿನಲ್ಲಿ, ಪಾಲು ಕೊಡುವುದು ಆತ ಉಯಿಲು ಬರೆಯದೆ ತೀರಿಕೊಂಡಾಗ, ಅದೂ ಮಕ್ಕಳು ಮತ್ತು ಅತ್ತೆಯೊಂದಿಗೆ ಸಮವಾಗಿ. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್, ಗೃಹಿಣಿಯ ದುಡಿಮೆಯೂ ಸ್ವತ್ತಿನ ಗಳಿಕೆಗೆ ಸೇರುತ್ತದೆಂದು ಒಪ್ಪಿಕೊಂಡಿತು. ತೀರ್ಪು ಮೆಚ್ಚುವಂಥದ್ದೇ, ಆದರೆ ನಮ್ಮ ರಾಜ್ಯದ ನ್ಯಾಯಾಲಯಗಳು ಅದನ್ನು ಪಾಲಿಸಲೇಬೇಕೆಂದಿಲ್ಲ.

ಗಿರಾಕಿಯ ವಕೀಲರು ವಂಶವೃಕ್ಷ ಕೇಳಿ, ನನ್ನ ಸಹಿಯನ್ನೂ ಬಯಸಿದ್ದರಿಂದ ಸ್ವಲ್ಪ ಕಾಲಾವಕಾಶ ಸಿಕ್ಕಿತು. ಸ್ವಯಾರ್ಜಿತ ಸ್ವತ್ತಿಗೆ ಅದು ಕೊಳ್ಳುವವರ ಮುಂಜಾಗ್ರತೆಯಷ್ಟೇ, ಕಾನೂನಿನ ಕಡ್ಡಾಯವಲ್ಲ. ಧೈರ್ಯವಂತ ಗಿರಾಕಿ ಸಿಕ್ಕಿದ್ದರೆ ನನ್ನನ್ನು ಕೇಳದೆಯೇ ನೋಂದಣಿ ಮುಗಿದಿರುತ್ತಿತ್ತು. ಆ ಅವಧಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋದೆ. ಅಲ್ಲಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೆಂಡತಿಯನ್ನು ಬರಿಗೈ ಮಾಡುವಂತೆ ಸ್ವತ್ತು ಪರಭಾರೆ ಮಾಡುವುದೂ ಆರ್ಥಿಕ ದೌರ್ಜನ್ಯವೆನಿಸುತ್ತದೆ. 17ನೇ ಕಲಮಿನಲ್ಲಿ ಹೆಸರಿರಲಿ ಬಿಡಲಿ ವಾಸದ ಹಕ್ಕಿದೆ. 19ನೇ ಕಲಮಿನಲ್ಲಿ ಮನೆಯನ್ನು ಮಾರದಂತೆ, ಅಡವಿಡದಂತೆ ತಡೆಯಾಜ್ಞೆ ಕೇಳಬಹುದು. ಆ ಆಜ್ಞೆ ನನಗೆ ಸಿಕ್ಕಿದೆ. ಅದು ಇರಲು ಬಿಡುತ್ತದೆ, ಒಡತಿಯನ್ನಾಗಿ ಮಾಡುವುದಿಲ್ಲ.

ತೊಂದರೆ ಅಷ್ಟಕ್ಕೇ ಮುಗಿಯಲಿಲ್ಲ. ಆಜ್ಞೆ ಬಂದ ಮೇಲೆ ಯಜಮಾನರು ಕಂತು ಕಟ್ಟುವುದನ್ನೇ ನಿಲ್ಲಿಸಿದರು. ಕಂತು 90 ದಿನ ಮೀರಿ ಬಾಕಿಯಾದರೆ ಸಾಲ ಅನುತ್ಪಾದಕ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಎನಿಸುತ್ತದೆ. ಬಳಿಕ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಕೊಟ್ಟು, ದಾವೆ ಹೂಡದೆಯೇ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ಆ ನೋಟಿಸ್ ಬರುವುದು ಸಾಲಗಾರರ ಹೆಸರಿಗೆ. ಗಂಡನ ವಿರುದ್ಧ ಸಿಕ್ಕ ವಾಸದ ಆಜ್ಞೆಯನ್ನು ನಂಬಿಕೊಂಡು ಬ್ಯಾಂಕಿನೆದುರು ನಿಲ್ಲುವುದು ಕಷ್ಟ. ಅದೇ 19ನೇ ಕಲಮಿನ 6ನೇ ಉಪಕಲಮಿನಲ್ಲಿ ಬಾಡಿಗೆ ಮತ್ತಿತರ ಪಾವತಿಗಳ ಹೊಣೆಯನ್ನು ಗಂಡನ ಮೇಲೆ ಹೊರಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಕಂತನ್ನೂ ಅದರಡಿ ಸೇರಿಸಬೇಕೆಂದು ಈಗ ಬೇರೆ ಅರ್ಜಿ ಹಾಕಿದ್ದೇವೆ, ವಿಚಾರಣೆ ನಡೆಯುತ್ತಿದೆ. ಇಂಥ ಅರ್ಜಿ ಹಾಕುವವರು ವಾಸದ ಹಕ್ಕಿನ ಜೊತೆಗೇ, ಮೊದಲ ದಿನವೇ, ಕಂತಿನ ಆದೇಶವನ್ನೂ ಕೇಳಿಕೊಳ್ಳಿ.