ಗ್ಯಾಲಪ್ ಕ್ಯೂ12 ಸರ್ವೆ: ಎಂಟನೇ ಪ್ರಶ್ನೆ ಅರ್ಧ ಮಾತ್ರ ಕೇಳುತ್ತದೆ

ಉದ್ಯೋಗಿಗಳ ಮನಸ್ಸು ಕೆಲಸದಲ್ಲಿ ಎಷ್ಟಿದೆ ಎಂದು ಅಳೆಯುವ ಸರ್ವೆಗಳಿಗೆ ಇವತ್ತು ಬರವಿಲ್ಲ. ಅವುಗಳಲ್ಲಿ ಜನಾಭಿಪ್ರಾಯ ಸಮೀಕ್ಷೆಗೆ ಹೆಸರಾದ ಅಮೆರಿಕದ ಗ್ಯಾಲಪ್ ಸಂಸ್ಥೆಯ ಕ್ಯೂ12 ಹಳೆಯ ತಲೆ. 1990ರ ದಶಕದಲ್ಲಿ ರೂಪುಗೊಂಡು, ಆ ದಶಕ ಮುಗಿಯುವ ಹೊತ್ತಿಗೆ ಮ್ಯಾನೇಜ್‌ಮೆಂಟ್ ವಲಯದಲ್ಲೆಲ್ಲ ಮಾತಾಗಿತ್ತು. ಹನ್ನೆರಡೇ ಹೇಳಿಕೆಗಳು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ: ಸುತರಾಂ ಒಪ್ಪದಿದ್ದರೆ 1, ಪೂರ್ತಿ ಒಪ್ಪಿದರೆ 5. ತುಂಬಲು ಹೆಚ್ಚು ಹೊತ್ತು ಬೇಡ. ಅರವತ್ತು, ಎಪ್ಪತ್ತು ಪ್ರಶ್ನೆಗಳ ಸರ್ವೆಗಳಲ್ಲಿ ಅರ್ಧ ದಾಟಿದ ಮೇಲೆ ಜನ ಕಣ್ಣು ಮುಚ್ಚಿ 4, 4, 4 ಎಂದು ಒತ್ತುತ್ತಾ ಹೋಗುತ್ತಾರಲ್ಲ, ಆ ರೋಗ ಇಲ್ಲಿ ಕಡಿಮೆ.

ಪ್ರಶ್ನೆಗಳನ್ನು ಜೋಡಿಸಿದ ಕ್ರಮದಲ್ಲಿ ಲೆಕ್ಕಾಚಾರವಿದೆ. ಮೊದಲ ಎರಡು ಬುನಾದಿ: ನನ್ನಿಂದ ಏನು ಬೇಕು ಎಂಬುದು ನನಗೆ ಗೊತ್ತೇ, ಅದಕ್ಕೆ ಬೇಕಾದ ಸಲಕರಣೆ ಕೈಯಲ್ಲಿದೆಯೇ. 3ರಿಂದ 6ರವರೆಗೆ ವ್ಯಕ್ತಿಯ ಕುರಿತು: ಚೆನ್ನಾಗಿ ಬರುವ ಕೆಲಸವನ್ನು ದಿನವೂ ಮಾಡಲು ಸಿಗುತ್ತದೆಯೇ, ಕಳೆದ 7 ದಿನಗಳಲ್ಲಿ ಯಾರಾದರೂ ಮೆಚ್ಚಿದರೇ, ಯಾರಿಗಾದರೂ ನನ್ನ ಬಗ್ಗೆ ಕಾಳಜಿ ಇದೆಯೇ, ಬೆಳೆಯಲು ಪ್ರೋತ್ಸಾಹ ಇದೆಯೇ. 7ರಿಂದ 10 ತಂಡದ ಕುರಿತು. ಕೊನೆಯ ಎರಡು ಬೆಳವಣಿಗೆಯ ಕುರಿತು. ಕಳೆದ 6 ತಿಂಗಳಲ್ಲಿ ನಿಮ್ಮ ಪ್ರಗತಿಯ ಬಗ್ಗೆ ಯಾರಾದರೂ ಕೂತು ಮಾತಾಡಿದ್ದಾರೆಯೇ ಎಂಬುದು ಇಲ್ಲಿಯೇ ಬರುತ್ತದೆ. ಕೆಳಗಿನ ಮೆಟ್ಟಿಲು ಗಟ್ಟಿಯಾಗದೆ ಮೇಲಿನದಕ್ಕೆ ಕೈ ಹಾಕಬೇಡಿ ಎಂಬುದು ಗ್ಯಾಲಪ್‌ನ ಸಲಹೆ, ಅದು ಸರಿಯೂ ಹೌದು. ಮೊದಲ ಪ್ರಶ್ನೆಗೇ 2 ಅಂಕ ಬಿದ್ದಿರುವ ತಂಡಕ್ಕೆ ಬದುಕಿನ ಉದ್ದೇಶದ ಬಗ್ಗೆ ಕಾರ್ಯಾಗಾರ ನಡೆಸಿದರೆ ಹಿಂದಿನ ಸಾಲಿನಲ್ಲಿ ಕೂತವರು ನಗುತ್ತಾರೆ.

ಈಗ ಎಂಟನೇ ಪ್ರಶ್ನೆ. ಕಂಪನಿಯ ಧ್ಯೇಯವು ನನ್ನ ಕೆಲಸ ಮುಖ್ಯವಾದದ್ದು ಎಂಬ ಭಾವನೆ ಕೊಡುತ್ತದೆಯೇ ಎಂಬುದು ಅದರ ತಾತ್ಪರ್ಯ. ವ್ಯಕ್ತಿಯ ಉದ್ದೇಶ ಮತ್ತು ವ್ಯವಹಾರದ ಫಲಿತಾಂಶ ಕೂಡುವ ಜಾಗ ಇದೇ ಎಂದುಕೊಂಡು ಅನೇಕ ನಾಯಕರು ಈ ಅಂಕದ ಮೇಲೆಯೇ ಕಣ್ಣಿಡುತ್ತಾರೆ. ಆದರೆ ಪ್ರಶ್ನೆ ಶುರುವಾಗುವುದೇ ಕಂಪನಿಯ ಕಡೆಯಿಂದ. ನಿಮಗೆ ಬದುಕಿನಲ್ಲಿ ಯಾವುದು ಮುಖ್ಯ, ಅದಕ್ಕೆ ಈ ಕೆಲಸದಲ್ಲಿ ಜಾಗವಿದೆಯೇ ಎಂದು ಅದು ಕೇಳುವುದಿಲ್ಲ. ಕಂಪನಿಯ ಧ್ಯೇಯವನ್ನು ಮನಸಾರೆ ಒಪ್ಪಿ 5 ಕೊಟ್ಟವರು, ಮಕ್ಕಳ ಜೊತೆ ಸಂಜೆ ಕಳೆಯಲಾಗುತ್ತಿಲ್ಲ ಎಂದೋ ಕಲಿಯಬೇಕೆಂದಿದ್ದ ಕಸುಬು ಕೈತಪ್ಪುತ್ತಿದೆ ಎಂದೋ ಮೂರೇ ತಿಂಗಳಲ್ಲಿ ರಾಜೀನಾಮೆ ಕೊಡಬಹುದು. ಸರ್ವೆಯ ಲೆಕ್ಕದಲ್ಲಿ ಅವರು ಕೊನೆಯ ದಿನದವರೆಗೂ ಹಸಿರು ಬಣ್ಣದಲ್ಲೇ ಇರುತ್ತಾರೆ.

ಈ ಕೊರತೆಯನ್ನು ಇನ್ನೊಂದು ಸರ್ವೆಯಿಂದ ತುಂಬಲಾಗದು, ಮಾತುಕತೆಯೇ ಬೇಕು. ಎರಡು ವಾರಕ್ಕೊಮ್ಮೆ ಮ್ಯಾನೇಜರ್ ಮತ್ತು ಉದ್ಯೋಗಿ ಇಬ್ಬರೇ ಕೂರುವ 30 ನಿಮಿಷ ಸಾಕು, ಅದರಲ್ಲಿ ಟಾರ್ಗೆಟ್ ವಿಚಾರಕ್ಕೆ 10 ನಿಮಿಷಕ್ಕಿಂತ ಹೆಚ್ಚು ಬೇಡ. "ನಿಮ್ಮ ಜೀವನದ ಉದ್ದೇಶವೇನು?" ಎಂದು ನೇರವಾಗಿ ಕೇಳಿದರೆ ಉಪಯೋಗವಿಲ್ಲ, ಸಂದರ್ಶನದಲ್ಲಿ ಕೊಡುವ ಉತ್ತರವೇ ಬರುತ್ತದೆ. "ಕಳೆದ ತಿಂಗಳು ಮಾಡಿದ್ದರಲ್ಲಿ ಇನ್ನೊಮ್ಮೆ ಮಾಡಬೇಕು ಅನಿಸಿದ್ದು ಯಾವುದು? ಮಾಡಿ ಮುಗಿಸಿದರೂ ಬೇಸರವೇ ಉಳಿದದ್ದು ಯಾವುದು?" ಎಂದು ಕೇಳಿ, ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡಿರಿ. ಮೌನ ತಡೆಯಲಾರದೆ ತಾವೇ ಉತ್ತರ ಹೇಳಿಬಿಡುವುದು ಮ್ಯಾನೇಜರುಗಳ ಹಳೇ ಚಾಳಿ.

ಗ್ರಾಹಕ ಸೇವೆಯ ಒಂದು ತಂಡವನ್ನು ಊಹಿಸಿಕೊಳ್ಳಿ. ಟಾರ್ಗೆಟ್ ಪ್ರಕಾರ ಪ್ರತಿ ಕರೆ 6 ನಿಮಿಷದಲ್ಲಿ ಮುಗಿಯಬೇಕು. ಒಬ್ಬರಿಗೆ ಸಮಸ್ಯೆ ಪೂರ್ತಿ ಬಗೆಹರಿಯದೆ ಫೋನ್ ಇಡಲು ಮನಸ್ಸು ಬಾರದು, ಅವರ ಸರಾಸರಿ 7 ನಿಮಿಷ. ಡ್ಯಾಶ್‌ಬೋರ್ಡ್‌ನಲ್ಲಿ ಅವರು ಕೆಂಪು. ಅವಸರದಲ್ಲಿ ಮುಗಿಸಿದ 100 ಕರೆಗಳಲ್ಲಿ 25 ವಾರದೊಳಗೆ ವಾಪಸ್ ಬಂದರೆ 600 ನಿಮಿಷದ ಜೊತೆ ಇನ್ನೂ 150 ಸೇರಿ 750 ಆಗುತ್ತದೆ. ನಿಧಾನಿಯ 100 ಕರೆಗಳಲ್ಲಿ 5 ಮಾತ್ರ ವಾಪಸ್ ಬಂದರೆ 700ಕ್ಕೆ 35 ಸೇರಿ 735. ಅವರ ಒಳಗಿನ ತುಡಿತಕ್ಕೂ ಕಂಪನಿಯ ಲಾಭಕ್ಕೂ ಇಲ್ಲಿ ಜಗಳವೇ ಇಲ್ಲ, ತಪ್ಪು ಇರುವುದು ಅಳತೆಗೋಲಿನಲ್ಲಿ. ಕರೆಯ ಅವಧಿಯ ಪಕ್ಕದಲ್ಲಿ ವಾಪಸ್ ಬಂದ ಕರೆಗಳನ್ನೂ ಅಳೆದರೆ ಮುಗಿಯಿತು. ಇದು ಕ್ಯೂ12 ವರದಿಯಲ್ಲಿ ಕಾಣುವುದಿಲ್ಲ. ಹೆಚ್ಚೆಂದರೆ ಮೂರನೇ ಪ್ರಶ್ನೆಯ ಅಂಕ ಸ್ವಲ್ಪ ಕುಸಿದಿರುತ್ತದೆ, ಕಾರಣ ಕೇಳಬೇಕಾದವರು ನೀವು. ಎಲ್ಲ ಸಲವೂ ಹೀಗೆ ಲೆಕ್ಕ ಕೂಡಿಬರುತ್ತದೆ ಎಂದಲ್ಲ. ವಾಪಸ್ ಬರುವುದು 8 ಕರೆ ಆದರೂ ಸಾಕು, 700ಕ್ಕೆ 56 ಸೇರಿ 756, ನಿಧಾನವೇ ದುಬಾರಿ. ಆಗ ಆ ವ್ಯಕ್ತಿಯನ್ನು ಜಟಿಲ ದೂರುಗಳ ಸಾಲಿಗೆ ಹಾಕಬೇಕು, ಇಲ್ಲವೇ ಈ ಸಾಲಿಗೆ ವೇಗ ಬೇಕೇ ಬೇಕು ಎಂದು ಬಿಚ್ಚಿ ಹೇಳಬೇಕು.

ವರದಿ ಓದುವಾಗ ಸರಾಸರಿಯನ್ನು ನಂಬಿ ಕೂರಬೇಡಿ. 8 ಜನರ ತಂಡದಲ್ಲಿ ಎಲ್ಲರೂ 3 ಕೊಟ್ಟರೆ ಸರಾಸರಿ 3. ನಾಲ್ವರು 5, ನಾಲ್ವರು 1 ಕೊಟ್ಟರೂ 3. ಮೊದಲನೆಯದು ಉದಾಸೀನ, ಎರಡನೆಯದು ಒಡೆದ ಮನೆ. ಇನ್ನು, ಅಷ್ಟೇ ಜನರಲ್ಲಿ ಒಬ್ಬರು 4ರಿಂದ 2ಕ್ಕೆ ಇಳಿದರೂ ಸರಾಸರಿ 0.25 ಬೀಳುತ್ತದೆ. ಅಷ್ಟಕ್ಕೇ "ತಂಡ ಕುಸಿದಿದೆ" ಎಂದು ಸ್ಲೈಡ್ ಮಾಡುವವರಿದ್ದಾರೆ. ಹಂಚಿಕೆ ನೋಡಿ, ಎರಡು ಮೂರು ಸುತ್ತಿನ ದಿಕ್ಕು ನೋಡಿ.

ವ್ಯವಹಾರದ ಫಲಿತಾಂಶಕ್ಕೂ ಕ್ಯೂ12 ಅಂಕಕ್ಕೂ ನಂಟಿದೆಯೇ? ಇದೆ. 2002ರಲ್ಲಿ ಸಂಶೋಧಕರಾದ ಹಾರ್ಟರ್, ಶ್ಮಿಟ್ ಮತ್ತು ಹೇಯ್ಸ್ ಪ್ರಕಟಿಸಿದ ವಿಶ್ಲೇಷಣೆ 36 ಕಂಪನಿಗಳ 7,939 ಘಟಕಗಳ ಮಾಹಿತಿ ಒಟ್ಟುಗೂಡಿಸಿ, ಗ್ರಾಹಕರ ತೃಪ್ತಿ, ಉತ್ಪಾದಕತೆ, ಲಾಭ, ಕೆಲಸ ಬಿಡುವ ಪ್ರಮಾಣ, ಅಪಘಾತ ಇವುಗಳ ಜೊತೆ ಸಂಬಂಧ ತೋರಿಸಿತು. ಮಾರಾಟ ಮಾಡಲು ಬರುವವರು ಇಲ್ಲಿಗೇ ನಿಲ್ಲಿಸುತ್ತಾರೆ. 2003ರಲ್ಲಿ ಶ್ನೈಡರ್ ಮತ್ತು ಸಂಗಡಿಗರು 35 ಕಂಪನಿಗಳ 8 ವರ್ಷದ ಮಾಹಿತಿ ಇಟ್ಟುಕೊಂಡು, ಬೇರೆ ಪ್ರಶ್ನಾವಳಿಯ ಆಧಾರದ ಮೇಲೆ, ಯಾವುದು ಮೊದಲು ಎಂದು ಪರಿಶೀಲಿಸಿದಾಗ ಒಟ್ಟಾರೆ ಕೆಲಸದ ತೃಪ್ತಿಯ ವಿಷಯದಲ್ಲಿ ಕಂಪನಿಯ ಹಣಕಾಸಿನ ಗೆಲುವೇ ಮುಂದೆ, ತೃಪ್ತಿ ಅದರ ಹಿಂದೆ ಎಂಬ ಚಿತ್ರ ಹೆಚ್ಚು ಬಲವಾಗಿ ಕಂಡಿತು. ಹಾಗಾಗಿ ಅಂಕ ಏರಿಸಿದರೆ ಲಾಭ ತಾನಾಗಿ ಏರುತ್ತದೆ ಎಂದು ಬೋರ್ಡ್‌ಗೆ ಮಾತು ಕೊಡಬೇಡಿ.

ಹತ್ತನೆಯ ಪ್ರಶ್ನೆ, ಕೆಲಸದಲ್ಲಿ ಆಪ್ತ ಗೆಳೆಯರಿದ್ದಾರೆಯೇ ಎಂಬುದು, ಎಲ್ಲ ಕಡೆಯೂ ಗೊಣಗಾಟ ಹುಟ್ಟಿಸುತ್ತದೆ. ಹೊಸಬರು ತುಂಬಿರುವ ತಂಡದಲ್ಲಿ ಅದರ ಅಂಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕ್ಯೂ12 ಎಂಬ ಉಪಕರಣ ಕೆಡುವುದು ಬಹುತೇಕ ಸಲ ಸರ್ವೆ ಮುಗಿದ ಮೇಲೆ. ಅತಿ ದೊಡ್ಡ ತಪ್ಪು ಅಂಕವನ್ನು ಮ್ಯಾನೇಜರ್ ಬೋನಸ್‌ಗೆ ಕಟ್ಟುವುದು. ಕಟ್ಟಿದ ಮರುವರ್ಷವೇ ಸರ್ವೆಯ ಹಿಂದಿನ ವಾರ ಕೇಕ್ ಕತ್ತರಿಸುವುದು, "ಸ್ವಲ್ಪ ನೋಡಿ ಹಾಕಿಬಿಡಿ" ಎಂಬ ಮೆಲುದನಿಯ ವಿನಂತಿ ಶುರು. ಅಂಕ ಏರುತ್ತದೆ, ಮಾಹಿತಿ ಸಾಯುತ್ತದೆ. ಎರಡನೆಯದು ಫಲಿತಾಂಶವನ್ನು ಎಚ್‌ಆರ್ ಬಳಿಯೇ ತಿಂಗಳುಗಟ್ಟಲೆ ಇಟ್ಟುಕೊಳ್ಳುವುದು. ವರದಿ ಕೈಗೆ ಬಂದ ಮೂರು ವಾರದೊಳಗೆ ತಂಡದ ಎದುರಿಡಿ. ಒಂದು ಗಂಟೆಯ ಸಭೆ, ಮ್ಯಾನೇಜರ್ ಕೊನೆಯಲ್ಲಿ ಮಾತಾಡಬೇಕು, ಯಾರು ಎಷ್ಟು ಅಂಕ ಕೊಟ್ಟರು ಎಂದು ಊಹಿಸುವ ಆಟ ಬೇಡ. ಒಂದೇ ಒಂದು ಪ್ರಶ್ನೆ ಆರಿಸಿ, ಹೆಚ್ಚೆಂದರೆ ಎರಡು. ಯಾರು, ಏನು, ಯಾವ ತಾರೀಖಿನೊಳಗೆ ಎಂದು ಬರೆದು 30 ದಿನದ ಮೇಲೆ ಅದೇ ಹಾಳೆ ತೆರೆಯಿರಿ. ಹನ್ನೆರಡಕ್ಕೂ ಯೋಜನೆ ಹಾಕಿದ ತಂಡ ಒಂದನ್ನೂ ಮುಗಿಸುವುದಿಲ್ಲ.

ಹಲವು ತಂಡ, ಹಲವು ಶಾಖೆ ಇರುವ, ಹೋಲಿಸಿ ನೋಡಬೇಕಾದ ಸಂಸ್ಥೆಗೆ ಕ್ಯೂ12 ಯೋಗ್ಯ ಖರೀದಿ. ಮೂವತ್ತು ಜನರೊಳಗಿನ ಕಂಪನಿಗೆ ಬೇಡ. ಅಷ್ಟು ಚಿಕ್ಕ ಕಡೆ ಯಾರು ಬರೆದದ್ದು ಎಂದು ಎಲ್ಲರಿಗೂ ಗೊತ್ತಾಗುವ ಭಯವೇ ಉತ್ತರ ಬರೆಯುತ್ತದೆ. ಹಾಗೆಂದು ಈ ಹೇಳಿಕೆಗಳನ್ನು ನಕಲು ಮಾಡಿ ಸ್ವಂತ ಫಾರ್ಮ್ ಹಂಚುವಂತಿಲ್ಲ, ಅವುಗಳ ಹಕ್ಕುಸ್ವಾಮ್ಯ ಗ್ಯಾಲಪ್‌ನದು. ಚಿಕ್ಕ ಕಂಪನಿಯವರು ಆ ಹಣ ಉಳಿಸಿ, ಎರಡು ವಾರಕ್ಕೊಮ್ಮೆಯ 30 ನಿಮಿಷವನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಕಾಯ್ದಿರಿಸಿ. ಗ್ರಾಹಕರ ಮೀಟಿಂಗ್ ಬಂತೆಂದು ಅದನ್ನು ರದ್ದು ಮಾಡಬೇಡಿ, ಅದೇ ವಾರದ ಇನ್ನೊಂದು ದಿನಕ್ಕೆ ಸರಿಸಿ.