ಎರಡು ವರ್ಷ ಬಳಸಿದ ಗ್ಯಾಸ್ ಸೆನ್ಸರ್: ಕೊಂದಿದ್ದು ನಾನೇ

ಗಾಳಿಯಲ್ಲಿ ಗ್ಯಾಸ್ ಇದೆಯಾ ಅಂತ ಹೇಳುವ ಅಗ್ಗದ ಟಿನ್ ಆಕ್ಸೈಡ್ (ತವರದ ಆಕ್ಸೈಡ್) ಸೆನ್ಸರ್. ಆರ್ಡುಇನೋಗೆ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು) ಜೋಡಿಸಿ ಅಡುಗೆಮನೆಯಲ್ಲಿ ಇಟ್ಟು ಎರಡು ವರ್ಷವಾಯಿತು. ಗ್ಯಾಸ್ ಹೆಚ್ಚಿದಷ್ಟೂ ಬೋರ್ಡು ತೋರಿಸುವ ಅಂಕಿ ಏರುತ್ತದೆ. ಜೋಡಿಸುವ ವಿವರ ಇಲ್ಲಿ ಬೇಡ, ಬಿಡಿ.

ನನಗೆ ಹುಚ್ಚು ಹಿಡಿಸಿದ್ದು ಬೆಳಗಿನ ಪರೀಕ್ಷೆ. ಎದ್ದ ಕೂಡಲೇ ಅಂಕಿ ನೋಡುತ್ತೇನೆ. 110ರ ಆಸುಪಾಸು ಇದ್ದರೆ ಗಾಳಿ ಚೊಕ್ಕ. ಆಮೇಲೆ ಲೈಟರ್ ಹೊತ್ತಿಸದೆ ಸೆನ್ಸರ್ ಮುಂದೆ ಚೂರೇ ಚೂರು ಗ್ಯಾಸ್ ಬಿಡುತ್ತೇನೆ. ಅಂಕಿ 600 ದಾಟಿ ಜಿಗಿಯುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಆ ಇಳಿಯುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ಗೊತ್ತಾಗಲ್ಲ. ಒಳಗೆ ಹೀಟರ್ ಆಕ್ಸೈಡನ್ನು ಚೆನ್ನಾಗಿ ಕಾಯಿಸಿರುತ್ತದೆ, ಇಂಥವಕ್ಕೆ ಸಾಮಾನ್ಯವಾಗಿ 200ರಿಂದ 400 ಡಿಗ್ರಿ ಸೆಲ್ಸಿಯಸ್ ಬೇಕು. ಗಾಳಿಯ ಆಕ್ಸಿಜನ್ ಟಿನ್ ಆಕ್ಸೈಡ್ ಕಣಗಳ ಮೈಗೆ ಅಂಟಿಕೊಂಡು ಎಲೆಕ್ಟ್ರಾನ್ ಕಸಿದುಕೊಂಡಿರುತ್ತದೆ. ಅದಕ್ಕೇ ಕರೆಂಟು ಸಲೀಸಾಗಿ ಹರಿಯಲ್ಲ. ಗ್ಯಾಸ್ ಬಂದು ಆ ಆಕ್ಸಿಜನ್ ಜತೆ ಸೇರಿ ಉರಿದರೆ ಎಲೆಕ್ಟ್ರಾನ್ ವಾಪಸ್, ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ದಬಕ್ಕನೆ ಕೆಳಗೆ, ಅಂಕಿ ಮೇಲೆ. ಜಪಾನಿನ ಸಂಶೋಧಕ ತಗುಚಿ 1962ರಲ್ಲೇ ಪೇಟೆಂಟಿಗೆ ಹಾಕಿದ ಉಪಾಯ ಇದು. ಆಟವೆಲ್ಲ ಮೈ ಮೇಲೆಯೇ. ಕಣ 6 ನ್ಯಾನೊಮೀಟರಿನಷ್ಟು ಸಣ್ಣದಾದರೆ ಅದಕ್ಕೆ ಮೈ ಬಿಟ್ಟು ಒಳಗು ಅಂತಲೇ ಉಳಿಯಲ್ಲ, ಸೂಕ್ಷ್ಮತೆ ಜೋರಾಗಿ ಏರುತ್ತದೆ.

ಸಣ್ಣಪುಟ್ಟ ಕಿರಿಕಿರಿ ಇತ್ತು. ಮಳೆಯ ದಿನ ಅಂಕಿ ಸುಮ್ನೆ ಏರುತ್ತದೆ, ನೀರಿನ ಆವಿಯೂ ಅದೇ ಮೈಗೆ ಅಂಟುತ್ತದಲ್ವಾ! ಪಕ್ಕದಲ್ಲಿ ತೇವಾಂಶದ ಸೆನ್ಸರ್ ಇಟ್ಟು ಲೆಕ್ಕ ಸರಿ ಮಾಡಿಕೊಂಡೆ. ಸ್ಯಾನಿಟೈಸರ್ ಹಚ್ಚಿದ ಕೈ ಹತ್ತಿರ ಬಂದರೂ ಕೂಗಿಕೊಳ್ಳುತ್ತದೆ. ಯಾವ ಗ್ಯಾಸ್ ಅಂತ ಅದಕ್ಕೆ ಗೊತ್ತಾಗಲ್ಲ.

ಕೋಪ ಬಂದಿದ್ದು ಹೋದ ತಿಂಗಳು. ಸಿಂಕಿನ ಸಂದಿಗೆ ಸಿಲಿಕೋನ್ ಸೀಲೆಂಟ್ ಬಳಿದಿದ್ದೆ. ಮಾರನೆ ದಿನದಿಂದ ಲೈಟರಿಗೆ ಅಂಕಿ 300ಕ್ಕೇ ನಿಂತಿತು. ವಾರ ಕಳೆಯುವಷ್ಟರಲ್ಲಿ 150. ಮಾಲೇ ಕಳಪೆ ಅಂತ ಚೆನ್ನಾಗಿ ಬೈದೆ. ಆಮೇಲೆ ಸೆನ್ಸರ್ ಜತೆಗೆ ಬಂದಿದ್ದ ಹಾಳೆ ತೆಗೆದು ಓದಿದರೆ, ಸಿಲಿಕೋನ್ ಆವಿ ಸೋಕಿಸಬೇಡಿ ಅಂತ ಎದುರಿಗೇ ಬರೆದಿದೆ! ಆವಿ ಬಿಸಿ ಮೈ ಮೇಲೆ ಉರಿದು ಗಾಜಿನಂಥ ಸಿಲಿಕಾ ಪದರ ಬಿಡುತ್ತದಂತೆ. ಗ್ಯಾಸ್ ಒಳಗೆ ಮುಟ್ಟುವುದೇ ಇಲ್ಲ. ಮಜಾ ಅಂದರೆ, ಚೊಕ್ಕ ಗಾಳಿಯ ಅಂಕಿ ಆಗಲೂ 110! ಲೈಟರ್ ಚಾಳಿ ಇರದಿದ್ದರೆ ಸತ್ತಿದ್ದು ಗೊತ್ತೇ ಆಗುತ್ತಿರಲಿಲ್ಲ.

ಇನ್ನೊಂದು ತಂದೆ, ಅದೇ ಮಾದರಿ. ಕಲಿಯಲು, ಆಟಕ್ಕೆ ಇದಕ್ಕೆ ಐದರಲ್ಲಿ ನಾಲ್ಕು. ಜೀವ ಕಾಯುವ ಕೆಲಸಕ್ಕೆ ಪ್ರಮಾಣಪತ್ರ ಇರುವ ಅಲಾರಂ ಬೇರೆಯೇ ಹಾಕಿಸಿದ್ದೇನೆ. ಅಂಕಿ ಒಂದು ಕಡೆ ನಿಲ್ಲಲಿ ಅಂತ ಹೊಸದನ್ನು ಎರಡು ದಿನದಿಂದ ಆನ್ ಇಟ್ಟು ಕಾಯಿಸುತ್ತಿದ್ದೇನೆ. ಅಂಕಿ 140ರಲ್ಲಿದೆ, ಇನ್ನೂ ಇಳಿಯುತ್ತಿದೆ.