ಗೂಡಿನ ಹತ್ತಿರ ಬಿಡ್ತೀನಿ ಅಂದರೆ ಹರಿಗೋಲು ಹತ್ತಬೇಡಿ

ಯುಗಾದಿ ಕಳೆದ ಭಾನುವಾರ ಮಗಳ ಜೊತೆ ರಂಗನತಿಟ್ಟಿಗೆ ಹೋಗಿದ್ದೆ. ಬೋಟಿಗೆ ಉದ್ದ ಸಾಲಿತ್ತು. ಗೇಟಿನ ಹೊರಗೆ ಒಬ್ಬ ಬಂದು, "ಸಾರ್, ಒಳಗೆ ದೂರದಿಂದ ತೋರಿಸಿ ವಾಪಸ್ ತರ್ತಾರೆ. ನಾನು ಗೂಡಿನ ಹತ್ರಾನೇ ಬಿಡ್ತೀನಿ, ತಲೆಗೆ ಐನೂರು" ಅಂದ. ಮಗಳ ಆಸೆ ನೋಡಿ ಒಪ್ಪಿಕೊಂಡೆ.

ಪಕ್ಷಿಧಾಮದಿಂದ ಆಚೆ, ಜನ ಇಲ್ಲದ ದಡದಲ್ಲಿ ಅವನ ಹರಿಗೋಲು. ಲೈಫ್ ಜಾಕೆಟ್ ಕೇಳಿದರೆ "ಬೇಸಿಗೆ ಸಾರ್, ನೀರೆಲ್ಲಿದೆ" ಅಂದ. ಅಲ್ಲಿ ಮೊಸಳೆಗಳಿವೆ. ಮೇಲೆ ಕೆಆರ್‌ಎಸ್ ಇದೆ, ನೀರು ಬಿಟ್ಟರೆ ಹೊಳೆ ಏರುತ್ತದೆ. ಇದೆಲ್ಲ ಗೊತ್ತಿದ್ದೂ ಮಗುವನ್ನು ಕೂರಿಸಿದೆ.

ಹೊಳೆ ನಡುವಿನ ಬಂಡೆ ಮೇಲೆ ಇಳಿಸಿದ. ಇಳಿದ ತಕ್ಷಣ ನದಿ ರೀವಗಳು, ಅದೇ ರಿವರ್ ಟರ್ನ್ ಹಕ್ಕಿಗಳು, ಕಿರುಚುತ್ತಾ ತಲೆ ಮೇಲೆ ಎರಗಿದವು. "ಅಪ್ಪಾ, ಕಾಲು!" ಅಂತ ಮಗಳು ಕೂಗಿದಳು. ನನ್ನ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ ಮೂರು ಮೊಟ್ಟೆ. ಕಡ್ಡಿಯಿಲ್ಲ, ಹುಲ್ಲಿಲ್ಲ, ಬಂಡೆಯ ಸಣ್ಣ ಕುಳಿಯಲ್ಲಿ ಬರೀ ಮೊಟ್ಟೆ. ಬೂದು ಬಣ್ಣ, ಮೇಲೆ ಕಂದು ಮಚ್ಚೆ. ಕಲ್ಲಿನ ಮೇಲೆ ಕಲ್ಲಿಟ್ಟ ಹಾಗೆ, ಕಣ್ಣಿಗೇ ಬೀಳುವುದಿಲ್ಲ. ಆಗ ಹನ್ನೊಂದು ಗಂಟೆ. ಬಂಡೆಗೆ ಅಂಗೈ ಊರಿದೆ, ಚುರ್ ಅಂತು. ಆ ಬಿಸಿಲಲ್ಲಿ ಹಕ್ಕಿ ಮೊಟ್ಟೆ ಮೇಲಿದ್ದು ನೆರಳು ಕೊಡಬೇಕು. ನಾವು ನಿಂತಷ್ಟು ಹೊತ್ತೂ ಅದು ಇಳಿಯಲಿಲ್ಲ. ಅವನು ಮಾತ್ರ, "ಪಾಪುನ ಪಕ್ಕ ಕೂರಿಸಿ, ಫೋಟೋ ತೆಗೀತೀನಿ" ಅನ್ನುತ್ತಿದ್ದ.

ಬೇಡ ಅಂತ ಹರಿಗೋಲು ಹತ್ತಿದೆವು. ತಿರುಗಿ ನೋಡಿದರೆ ಕುಳಿಯ ಹತ್ತಿರ ಕಾಗೆ. ಅದರ ಕೊಕ್ಕಿನಲ್ಲಿ ಮೊಟ್ಟೆ. ಮಗಳು ಮನೆ ಸೇರುವವರೆಗೂ ಮಾತಾಡಲಿಲ್ಲ.

1972ರ ವನ್ಯಜೀವಿ ಕಾಯ್ದೆ ಕಾಡುಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದನ್ನೂ ಬೇಟೆ ಅಂತಲೇ ಹೇಳುತ್ತದೆ. ಪಕ್ಷಿಧಾಮದ ಆಚೆ ಆದರೂ ಅಷ್ಟೇ. ಪಕ್ಷಿತಜ್ಞ ಸಲೀಂ ಅಲಿಯವರು ಕೇಳಿಕೊಂಡು 1940ರಲ್ಲಿ ಈ ಜಾಗ ಪಕ್ಷಿಧಾಮವಾಗಿದ್ದು ಹಕ್ಕಿಗಳು ನೆಮ್ಮದಿಯಾಗಿ ಮರಿ ಮಾಡಲಿ ಅಂತ ಅಲ್ವಾ?

ದಯವಿಟ್ಟು ಸಾಲಿನಲ್ಲೇ ನಿಲ್ಲಿ. ಇಲಾಖೆಯ ಬೋಟಿನಿಂದಲೇ ಬಣ್ಣದ ಕೊಕ್ಕರೆ, ಚಮಚ ಕೊಕ್ಕು, ಹೆಜ್ಜಾರ್ಲೆ ಎಲ್ಲ ಚೆನ್ನಾಗಿ ಕಾಣುತ್ತವೆ. ಬೆಳಿಗ್ಗೆ ಬೇಗ ಹೋದರೆ ಜನವೂ ಕಡಿಮೆ. ನಾನು ಮರುದಿನವೇ ಅರಣ್ಯ ಇಲಾಖೆಗೆ ಆ ದಡದ ಗುರುತು ಹೇಳಿದ್ದೇನೆ. ನಿಮ್ಮನ್ನೂ ಯಾರಾದರೂ ಹೀಗೆ ಕರೆದರೆ ಸುಮ್ನೆ ಮುಂದೆ ಹೋಗಬೇಡಿ, ಗೇಟಿನಲ್ಲಿರುವ ಗಾರ್ಡಿಗೆ ಆಗಲೇ ತಿಳಿಸಿ.